ಪ್ರೇಮಕ್ಕೆ ಪ್ಯಾರಿಸ್ಸೇ ಬೇಕೆ?

ಎರಡು ವರ್ಷಗಳ ಹಿಂದಿನ ಮಾತು. ವೈಶಾಖಮಾಸದ ಒಂದು ಸಂಜೆ ದಾವಣಗೆರೆಯ ಕಲ್ಯಾಣಮಂಟಪವೊಂದರಲ್ಲಿ ನನ್ನ ಸೋದರತ್ತೆಯ ಮೊಮ್ಮಗಳ ಆರತಕ್ಷತೆ ನಡೆದಿತ್ತು. ವಧೂವರರು ನಿಂತಿದ್ದ ವೇದಿಕೆಯ ಹಿಂದೆ ಮಾಳಿಗೆಯೆತ್ತರದ ಒಂದು ಪರದೆ. ಅದರ ಮೇಲೆ ನೀಲಿ ಮುಗಿಲು, ಸಾಲುದೀಪಗಳು, ನಡುವೆ ತಲೆಯೆತ್ತಿ ನಿಂತ ಪ್ಯಾರಿಸ್ಸಿನ ಐಫೆಲ್ ಗೋಪುರ. ಹರಿಹರದಿಂದ ಬಂದಿದ್ದ ನಮ್ಮ ಅತ್ತೆ ಎಂಬತ್ತರ ಅಂಚಿನಲ್ಲಿರುವವರು. ಮುಂದಿನ ಸಾಲಿನ ಕುರ್ಚಿಯಲ್ಲಿ ಕುಳಿತು, ಕನ್ನಡಕ ಸರಿಪಡಿಸಿಕೊಂಡು, ಆ ಪರದೆಯನ್ನು ಬಹಳ ಹೊತ್ತು ನೋಡಿದರು. ಬಳಿಕ ನನ್ನನ್ನು ಹತ್ತಿರಕ್ಕೆ ಕರೆದು ಕೇಳಿದರು: ‘ತಮ್ಮಾ, ಇದು ಯಾವ ಗುಡಿ ಗೋಪುರನೋ?’

ಅದು ಗುಡಿಯ ಗೋಪುರವಲ್ಲವೆಂದೂ, ಫ್ರಾನ್ಸ್ ದೇಶದವರು ೧೮೮೯ರ ವಸ್ತುಪ್ರದರ್ಶನಕ್ಕಾಗಿ ಕಬ್ಬಿಣದಲ್ಲಿ ಕಟ್ಟಿದ್ದೆಂದೂ, ಇಪ್ಪತ್ತು ವರ್ಷಗಳಾದ ಮೇಲೆ ಕಳಚಿಹಾಕಬಹುದೆಂಬ ಕರಾರಿನ ಮೇಲೆ ನಿಂತದ್ದು ಇಂದಿಗೂ ನಿಂತಿದೆಯೆಂದೂ ವಿವರಿಸಿದೆ. ಒಳಗೆ ದೇವರಿಲ್ಲವೆಂಬುದನ್ನೂ ಹೇಳಿದೆ.

‘ದೇವರಿಲ್ಲದ ಗೋಪುರದ ಮುಂದೆ ಹುಡುಗೀನ್ನ ಯಾಕೆ ನಿಲ್ಸ್ಯಾರೆ?’

‘ಅದು ಪ್ರೇಮಿಗಳ ಊರಂತೆ ಅತ್ತೆ.’

ಅವರ ಮುಖ ಅರಳಿತು. ‘ಓ, ಸಂಗಮ್ ಸಿನಿಮಾದಾಗೆ ಬಂದಿತ್ತಲ್ಲ, ಆ ಊರೇ?’ ಎಂದರು.

ಹೌದು, ಆ ಊರೇ. ನಮ್ಮಲ್ಲಿ ಎಷ್ಟು ಮಂದಿ ಯೂರೋಪನ್ನು ಕಣ್ಣಾರೆ ಕಂಡಿದ್ದೇವೆ? ಆದರೂ ಪ್ಯಾರಿಸ್ಸಿನ ಬೀದಿ, ವೆನಿಸ್ಸಿನ ದೋಣಿ, ಸ್ವಿಟ್ಜರ್ಲೆಂಡಿನ ಹಿಮ, ರೋಮಿನ ಕಾರಂಜಿ ಇವೆಲ್ಲ ನಮಗೆ ಪಕ್ಕದ ಓಣಿಯಷ್ಟೇ ಪರಿಚಿತ. ಈ ಪರಿಚಯವನ್ನು ಮಾಡಿಸಿಕೊಟ್ಟದ್ದು ಬೆಳ್ಳಿತೆರೆ. ಅಂದು ವೇದಿಕೆಯ ಮೇಲೆ ನಿಂತಿದ್ದ ಹುಡುಗಿಯೂ ಯೂರೋಪನ್ನು ತಿಳಿದದ್ದು ಹಾಗೆಯೇ. ಹುಟ್ಟಿದ್ದು ಹರಿಹರ, ಎಂಜಿನಿಯರಿಂಗ್ ಓದಿದ್ದು ದಾವಣಗೆರೆ. ವರ ಜರ್ಮನಿಯ ಒಂದು ಸಣ್ಣ ಪಟ್ಟಣದಲ್ಲಿ ಎಂಜಿನಿಯರು. ಅವರಿಬ್ಬರು ಎದುರುಬದುರು ಕುಳಿತು ಮಾತನಾಡಿದ್ದು ಎರಡೇ ಸಲ. ಮೂರನೆಯ ಭೇಟಿ ಮುಹೂರ್ತದ ಮಣೆಯ ಮೇಲೆ. ಇನ್ನು ಮೂರು ತಿಂಗಳಿಗೆ ಅವಳು ಆ ಖಂಡಕ್ಕೆ ಹೊರಡುವವಳಿದ್ದಳು. ಪರದೆಯನ್ನು ಆರಿಸಿದವಳೂ ಅವಳೇ.

ಉದ್ಯಾನದ ಪರದೆ

ದಾವಣಗೆರೆಯವರಿಗೆ ಪರದೆಯೆಂಬುದು ಹೊಸತಲ್ಲ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ತವರೂರು ಇದು. ಕಂಪನಿ ನಾಟಕಗಳನ್ನು ಕಂಡ ಹಿರಿಯರಿಗೆ ನೆನಪಿರಬಹುದು: ಅರಮನೆಗೊಂದು ಪರದೆ, ಬೀದಿಗೊಂದು ಪರದೆ, ಕಾಡಿಗೊಂದು ಪರದೆ, ಉದ್ಯಾನಕ್ಕೊಂದು ಪರದೆ. ಉದ್ಯಾನದ ಪರದೆ ಇಳಿಯಿತೆಂದರೆ ಇನ್ನು ನಾಯಕ ನಾಯಕಿಯರ ಸರಸವೆಂದು ಹಾರ್ಮೋನಿಯಂ ಶ್ರುತಿ ಹಿಡಿಯುವ ಮೊದಲೇ ಪ್ರೇಕ್ಷಕರಿಗೆ ತಿಳಿದುಬಿಡುತ್ತಿತ್ತು. ಆ ಉದ್ಯಾನ ಯಾವ ಊರಿನದು? ಅಲ್ಲಿ ನೀರು ಹಾಯಿಸುವ ಮಾಲಿ ಯಾರು? ಹೀಗೆಂದು ಯಾರೂ ಕೇಳುತ್ತಿರಲಿಲ್ಲ. ಅದು ಯಾವ ಊರಿನದೂ ಅಲ್ಲ. ಇಬ್ಬರು ಒಂಟಿಯಾಗಿ ಮಾತನಾಡಲು ಅನುಮತಿಯಿರುವ ಒಂದು ಸ್ಥಳ, ಅಷ್ಟೇ.

ಪ್ರಣಯಚಿತ್ರಗಳ ಯೂರೋಪು ಈ ಉದ್ಯಾನದ ಪರದೆಯೇ ಎಂದರೆ ಅತಿಶಯವಾಗದು. ಕೆಲವೊಮ್ಮೆ ಅದು ಅಕ್ಷರಶಃ ಪರದೆ. ೧೯೫೧ರಲ್ಲಿ ಬಂದು ಆ ವರ್ಷದ ಶ್ರೇಷ್ಠ ಚಿತ್ರವೆಂದು ಆಸ್ಕರ್ ಪಡೆದ ‘ಆನ್ ಅಮೆರಿಕನ್ ಇನ್ ಪ್ಯಾರಿಸ್’ ಚಿತ್ರದ ಪ್ಯಾರಿಸ್ಸು ಬಹುಪಾಲು ಕ್ಯಾಲಿಫೋರ್ನಿಯಾದ ಸ್ಟುಡಿಯೋದೊಳಗೆ ಮರ, ಬಟ್ಟೆ, ಬಣ್ಣಗಳಿಂದ ಕಟ್ಟಿದ ಪ್ಯಾರಿಸ್ಸು. ಐವತ್ತು ವರ್ಷಗಳ ತರುವಾಯ, ೨೦೦೧ರಲ್ಲಿ, ಫ್ರೆಂಚರೇ ತೆಗೆದ ‘ಅಮೆಲಿ’ ಚಿತ್ರ ನಿಜವಾದ ಬೀದಿಗಳಲ್ಲಿಯೇ ತಯಾರಾಯಿತು. ಆದರೆ ಗೋಡೆಬರಹಗಳನ್ನೂ ಕಸವನ್ನೂ ಅಳಿಸಿ, ಬಣ್ಣಗಳನ್ನು ಕಂಪ್ಯೂಟರಿನಲ್ಲಿ ತಿದ್ದಿ, ಪ್ಯಾರಿಸ್ಸನ್ನು ಪ್ಯಾರಿಸ್ಸಿಗಿಂತ ಚೆಲುವಾಗಿ ಮಾಡಿಕೊಂಡರು. ಮನೆಮಗಳನ್ನು ವರನಿಗೆ ತೋರಿಸುವ ಮುನ್ನ ತಾಯಿ ತಲೆಬಾಚಿ ಹೂ ಮುಡಿಸುವುದಿಲ್ಲವೇ, ಹಾಗೆ.

ಇನ್ನು ‘ರೋಮನ್ ಹಾಲಿಡೇ’. ೧೯೫೩ರ ಈ ಚಿತ್ರವನ್ನು ನಿರ್ದೇಶಕ ವಿಲಿಯಂ ವೈಲರ್ ರೋಮ್ ನಗರದಲ್ಲಿಯೇ ತೆಗೆದನು. ಅರಮನೆಯ ಕಟ್ಟಳೆಗಳಿಂದ ಬೇಸತ್ತ ರಾಜಕುಮಾರಿಯೊಬ್ಬಳು ತಪ್ಪಿಸಿಕೊಂಡು ಒಂದು ದಿನ ಊರಲ್ಲಿ ಸುತ್ತಾಡುತ್ತಾಳೆ, ಪತ್ರಕರ್ತನೊಬ್ಬನ ಜೊತೆಯಾಗುತ್ತದೆ. ಸ್ಕೂಟರಿನ ಸವಾರಿ, ಐಸ್‌ಕ್ರೀಮು, ಸುಳ್ಳಾಡಿದವರ ಕೈ ಕಚ್ಚುವುದೆಂಬ ಕಲ್ಲಿನ ಮುಖ. ಕೊನೆಗೆ ಅವಳು ಕರ್ತವ್ಯಕ್ಕೆ ಮರಳುತ್ತಾಳೆ, ಅವನು ಒಬ್ಬಂಟಿಯಾಗಿ ನಡೆದುಹೋಗುತ್ತಾನೆ. ಆಡ್ರಿ ಹೆಪ್‌ಬರ್ನ್ ಈ ಪಾತ್ರಕ್ಕೆ ಆಸ್ಕರ್ ಪಡೆದಳು.

ಅದೇ ರೋಮ್ ನಗರದ ಅವೇ ಬೀದಿಗಳಲ್ಲಿ ಐದು ವರ್ಷ ಮೊದಲು, ೧೯೪೮ರಲ್ಲಿ, ವಿತ್ತೋರಿಯೋ ಡಿ ಸಿಕಾ ‘ಬೈಸಿಕಲ್ ಥೀವ್ಸ್’ ಚಿತ್ರವನ್ನು ತೆಗೆದಿದ್ದನು. ಅಲ್ಲಿಯೂ ಇಬ್ಬರು ದಿನವಿಡೀ ಊರು ಸುತ್ತುತ್ತಾರೆ. ಆದರೆ ಅವರು ತಂದೆ ಮತ್ತು ಎಳೆಯ ಮಗ. ಹುಡುಕುತ್ತಿರುವುದು ಕಳುವಾದ ಸೈಕಲನ್ನು. ಸೈಕಲಿಲ್ಲದಿದ್ದರೆ ಕೆಲಸವಿಲ್ಲ, ಕೆಲಸವಿಲ್ಲದಿದ್ದರೆ ರೊಟ್ಟಿಯಿಲ್ಲ. ೧೯೫೨ರಲ್ಲಿ ಭಾರತದ ಮೊದಲ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಆ ಚಿತ್ರವನ್ನು ಕಂಡ ನಮ್ಮ ನಿರ್ದೇಶಕರು ಬೆರಗಾಗಿದ್ದುಂಟು. ಯುದ್ಧದಿಂದ ಬಡವಾದ ಒಂದೇ ಊರು, ಎರಡು ಚಿತ್ರಗಳು. ಎರಡೂ ಸುಳ್ಳಲ್ಲ. ಆದರೆ ಮದುವೆ ಮಂಟಪದ ಪರದೆಯ ಮೇಲೆ ಬರುವುದು ಸ್ಕೂಟರಿನ ರೋಮ್. ಸೈಕಲಿನ ರೋಮನ್ನು ಯಾರೂ ಬರೆಸುವುದಿಲ್ಲ.

ಬೇರೆ ಬೇರೆ ಕುಳಿತು ನೋಡಿದ ಮಧುಚಂದ್ರ

ನಮ್ಮ ಹಿಂದೀ ಚಿತ್ರಗಳು ಈ ಪರದೆಯನ್ನು ಕೊಂಡುತಂದದ್ದು ಅರವತ್ತರ ದಶಕದಲ್ಲಿ. ರಾಜ್ ಕಪೂರರ ‘ಸಂಗಮ್’ (೧೯೬೪) ಇದರಲ್ಲಿ ಮೊದಲಿಗರ ಸಾಲಿನದು. ಸುಮಾರು ನಾಲ್ಕು ಗಂಟೆಯ ಚಿತ್ರ, ಬಣ್ಣದಲ್ಲಿ ಅವರ ಮೊದಲನೆಯದು. ಹೊಸ ದಂಪತಿಗಳ ಮಧುಚಂದ್ರ ವೆನಿಸ್, ಪ್ಯಾರಿಸ್, ಸ್ವಿಟ್ಜರ್ಲೆಂಡುಗಳಲ್ಲಿ ನಡೆಯುತ್ತದೆ. ಪ್ಯಾರಿಸ್ಸಿನ ಹೋಟೆಲಿನ ಕೋಣೆಯಲ್ಲಿ ವೈಜಯಂತಿಮಾಲಾ ಗಂಡನನ್ನು ಅಣಕಿಸಿ ಕುಣಿಯುವ ದೃಶ್ಯ ಅಂದಿನ ಪ್ರೇಕ್ಷಕರನ್ನು ಬೆಚ್ಚಿಬೀಳಿಸಿತು. ಮೂರು ವರ್ಷಗಳ ನಂತರ ಶಕ್ತಿ ಸಾಮಂತರ ‘ಆನ್ ಈವ್ನಿಂಗ್ ಇನ್ ಪ್ಯಾರಿಸ್’ ಬಂದಿತು. ಶರ್ಮಿಳಾ ಟ್ಯಾಗೋರರಿಗೆ ಅಲ್ಲಿ ಎರಡು ಪಾತ್ರ: ಒಬ್ಬಳು ನಿಜಪ್ರೇಮವನ್ನರಸಿ ಪ್ಯಾರಿಸ್ಸಿಗೆ ಬಂದ ಸಾಧ್ವಿ, ಇನ್ನೊಬ್ಬಳು ಅಲ್ಲಿಯೇ ಬೆಳೆದ ಕ್ಯಾಬರೆ ನರ್ತಕಿ. ಒಂದೇ ಮುಖ, ಎರಡು ನಡತೆ. ಯೂರೋಪೆಂದರೆ ನೋಡಲು ಚೆನ್ನ, ಬೆಳೆಯಲು ಕೆಟ್ಟದ್ದು ಎಂಬ ನಮ್ಮ ನಂಬಿಕೆಯನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಕಷ್ಟ. ಚಿತ್ರದ ಕೊನೆಯ ಹೊಡೆದಾಟ ನಡೆಯುವುದು ಅಟ್ಲಾಂಟಿಕ್ ಸಾಗರದಾಚೆಯ ನಯಾಗರ ಜಲಪಾತದ ಬಳಿ. ಪ್ರೇಕ್ಷಕರು ಅದನ್ನೂ ಪ್ರಶ್ನಿಸಲಿಲ್ಲ. ಪರದೆ ಬದಲಾಯಿತು, ಅಷ್ಟೇ.

ನಮ್ಮ ಅತ್ತೆ ‘ಸಂಗಮ್’ ನೋಡಿದ್ದು ಮದುವೆಯಾದ ಹೊಸತರಲ್ಲಿ. ಆ ಕಥೆಯನ್ನು ಅಂದು ರಾತ್ರಿ, ಊಟದ ಪಂಕ್ತಿ ಕರಗಿದ ಮೇಲೆ, ನನಗೆ ಹೇಳಿದರು. ಅತ್ತೆಯ ಯಜಮಾನರು ಹರಿಹರದಲ್ಲಿ ೧೯೪೧ರಲ್ಲಿ ಆರಂಭವಾಗಿದ್ದ ಮೈಸೂರು ಕಿರ್ಲೋಸ್ಕರ್ ಲೇತ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಮನೆ ತುಂಬ ಹಿರಿಯರು. ಗಂಡ ಹೆಂಡತಿ ಹಗಲಿನಲ್ಲಿ ಎದುರು ನಿಂತು ಮಾತನಾಡುವ ವಾಡಿಕೆಯಿಲ್ಲ. ಒಂದು ಭಾನುವಾರ ಅತ್ತೆಮನೆಯವರ ಅಪ್ಪಣೆ ಪಡೆದು, ನಾದಿನಿಯೊಬ್ಬಳನ್ನು ಜೊತೆಗೆ ಕಟ್ಟಿಕೊಂಡು, ಹದಿನಾಲ್ಕು ಕಿಲೋಮೀಟರು ದೂರದ ದಾವಣಗೆರೆಗೆ ರೈಲಿನಲ್ಲಿ ಬಂದರು. ಟಾಕೀಸಿನಲ್ಲಿ ಹೆಂಗಸರ ಕ್ಲಾಸು ಬೇರೆ, ಗಂಡಸರ ಕ್ಲಾಸು ಬೇರೆ. ತೆರೆಯ ಮೇಲೆ ಗಂಡಹೆಂಡಿರು ವೆನಿಸ್ಸಿನ ದೋಣಿಯಲ್ಲಿ ಒತ್ತಿಕೊಂಡು ಕುಳಿತಿದ್ದರೆ, ಕೆಳಗೆ ಈ ಗಂಡಹೆಂಡಿರ ನಡುವೆ ಒಂದು ಮರದ ಅಡ್ಡಗೋಡೆ.

‘ಇಂಟರ್‌ವಲ್‌ನಾಗೆ ಗೇಟಿನ ಹುಡುಗನ ಕೈಲಿ ಖಾರಮಂಡಕ್ಕಿ ಪೊಟ್ಟಣ ಕಳ್ಸಿದ್ರು. ಎರಡು ಪೊಟ್ಟಣ. ನಾದಿನಿಗೊಂದು, ನನಗೊಂದು. ನನ್ನ ಪೊಟ್ಟಣದಾಗೆ ಮೆಣಸಿನಕಾಯಿ ಒಂದು ಹೆಚ್ಚಿತ್ತು’ ಎಂದರು ಅತ್ತೆ. ಅರವತ್ತು ವರ್ಷಗಳ ಹಿಂದಿನ ಆ ಒಂದು ಹೆಚ್ಚಿನ ಮೆಣಸಿನಕಾಯಿಯ ಲೆಕ್ಕ ಅವರಿಗೆ ಇನ್ನೂ ತಪ್ಪಿಲ್ಲ.

ಮರುದಿನ ಸಂಜೆ ನೀರು ತರುವ ನೆಪದಲ್ಲಿ ಹರಿಹರೇಶ್ವರನ ಗುಡಿಯ ಹಿಂದಿನ ಹೊಳೆದಂಡೆಗೆ ಹೋದಾಗ ಯಜಮಾನರೂ ಅಲ್ಲಿಗೆ ಬಂದರಂತೆ. ಸಿನಿಮಾದ ವಿಷಯ ಇಬ್ಬರೂ ಎತ್ತಲಿಲ್ಲ. ಬಹಳ ಹೊತ್ತಿನ ಮೇಲೆ ಅವರು ತುಂಗಭದ್ರೆಯ ಕಡೆ ಕೈದೋರಿ ಒಂದೇ ಮಾತು ಹೇಳಿದರಂತೆ: ‘ಆ ಊರಿನ ಕಾಲುವೆಗಿಂತ ನಮ್ಮ ಹೊಳೆ ಅಗಲ ಐತಿ.’

ಒಂದು ತಿಂಗಳ ರಜೆ

ಅರವತ್ತರ ದಶಕದಲ್ಲಿ ಪ್ರೇಮಿಗಳಿಗೆ ಯೂರೋಪಿನಷ್ಟೇ ಕಾಶ್ಮೀರವೂ ಇತ್ತು. ೧೯೮೯ರ ಬಳಿಕ ಅಲ್ಲಿ ಗಲಭೆ ಹೆಚ್ಚಿ ಚಿತ್ರೀಕರಣ ದುಸ್ತರವಾದಾಗ ಹಿಮದ ಪರದೆಯನ್ನು ಸ್ವಿಟ್ಜರ್ಲೆಂಡು ಪೂರ್ತಿಯಾಗಿ ವಹಿಸಿಕೊಂಡಿತು. ಯಶ್ ಚೋಪ್ರಾ ಅವರು ಆ ನಾಡನ್ನು ಎಷ್ಟು ಬಾರಿ ತೋರಿಸಿದರೆಂದರೆ, ೨೦೧೬ರಲ್ಲಿ ಇಂಟರ್‌ಲಾಕೆನ್ ಪಟ್ಟಣದವರು ಅವರದೊಂದು ಪ್ರತಿಮೆಯನ್ನೇ ನಿಲ್ಲಿಸಿದರು.

ಅವರ ಮಗ ಆದಿತ್ಯ ಚೋಪ್ರಾ ೧೯೯೫ರಲ್ಲಿ ನಿರ್ದೇಶಿಸಿದ ‘ದಿಲ್‌ವಾಲೇ ದುಲ್ಹನಿಯಾ ಲೇ ಜಾಯೇಂಗೆ’ ಚಿತ್ರವನ್ನು ನೋಡದ ಮನೆ ದಾವಣಗೆರೆಯಲ್ಲಿ ವಿರಳ. ಮುಂಬಯಿಯ ಮರಾಠಾ ಮಂದಿರದಲ್ಲಿ ಅದು ಇಪ್ಪತ್ತೈದು ವರ್ಷಗಳಿಗೂ ಮೀರಿ ನಡೆಯಿತು. ಆ ಕಥೆಯಲ್ಲೊಂದು ಸೂಕ್ಷ್ಮವಿದೆ, ವಾಚಕರು ಗಮನಿಸಬೇಕು. ನಾಯಕಿ ಸಿಮ್ರನ್ ಬೆಳೆದದ್ದು ಲಂಡನ್ನಿನಲ್ಲಿ. ಭೂಪಟದಲ್ಲಿ ಲಂಡನ್ನು ಯೂರೋಪಿನೊಳಗೇ ಇದೆ. ಆದರೆ ಅವಳಿಗೆ ಲಂಡನ್ನು ತಂದೆಯ ಮನೆ. ಅಲ್ಲಿ ಹಾಡುವುದಕ್ಕೂ ಮುನ್ನ ಬಾಗಿಲ ಕಡೆ ನೋಡಬೇಕು. ತಂದೆ ಗೊತ್ತುಮಾಡಿದ ಮದುವೆಗೆ ಮುಂಚೆ ಒಂದೇ ಒಂದು ತಿಂಗಳನ್ನು ತನಗಾಗಿ ಕೊಡೆಂದು ಬೇಡಿ ಅವಳು ರೈಲು ಹತ್ತುತ್ತಾಳೆ. ಅಲ್ಲಿಂದ ‘ಯೂರೋಪು’ ಪ್ರಾರಂಭ. ಎಂದಮೇಲೆ ನಮ್ಮ ಚಿತ್ರಗಳ ಯೂರೋಪು ಒಂದು ಭೂಖಂಡವಲ್ಲ. ಹಿರಿಯರ ದೃಷ್ಟಿ ತಲುಪದಷ್ಟು ದೂರಕ್ಕೆ ನಾವು ಇಟ್ಟುಕೊಂಡ ಹೆಸರು ಅದು. ರಜೆ ಮುಗಿದ ಮೇಲೆ ಪ್ರೇಮಿಗಳು ಪಂಜಾಬಿಗೆ ಬಂದು, ತಂದೆಯ ಅಪ್ಪಣೆಗಾಗಿ ಕೈಕಟ್ಟಿ ನಿಲ್ಲಲೇಬೇಕು.

ಹೀಗಾದುದರಿಂದಲೇ ಯಾವ ಊರು ಯಾವುದೆಂಬುದು ಮುಖ್ಯವಾಗುವುದಿಲ್ಲ. ೧೯೯೯ರ ‘ಹಮ್ ದಿಲ್ ದೇ ಚುಕೇ ಸನಮ್’ ಚಿತ್ರದಲ್ಲಿ ಹೆಂಡತಿಯನ್ನು ಅವಳ ಪ್ರಿಯಕರನ ಬಳಿಗೆ ಮುಟ್ಟಿಸಲು ಗಂಡ ಇಟಲಿಗೆ ಕರೆದೊಯ್ಯುತ್ತಾನೆ. ನಾವು ಕಂಡ ಆ ‘ಇಟಲಿ’ ವಾಸ್ತವವಾಗಿ ಹಂಗೇರಿಯ ಬುಡಾಪೆಸ್ಟ್. ಯಾರಾದರೂ ಹರಿಹರವನ್ನು ತೋರಿಸಿ ಕಾಶಿಯೆಂದರೆ ನಾವು ಸುಮ್ಮನಿರುತ್ತಿದ್ದೆವೇ? ಆ ನಾಡುಗಳ ಜನರಂತೂ ಈ ಚಿತ್ರಗಳಲ್ಲಿ ಮಾತನಾಡುವುದೇ ಅಪರೂಪ. ಟಿಕೆಟ್ ಕೊಡುವವರು, ಹೂ ಮಾರುವವರು, ಹಾಡಿನ ಹಿಂದೆ ಸಾಲಾಗಿ ಕುಣಿಯುವವರು. ಅವರಿಗೂ ಮನೆ, ಸಾಲ, ಮುಪ್ಪಿನ ತಾಯಿ ಇರಬಹುದೆಂಬ ಶಂಕೆಯೂ ನಮಗೆ ಹುಟ್ಟುವುದಿಲ್ಲ.

ಕನ್ನಡದ ಮಾತೇನು? ೧೯೭೮ರ ‘ಸಿಂಗಾಪೂರ್‌ನಲ್ಲಿ ರಾಜಾಕುಳ್ಳ’ ಚಿತ್ರದಿಂದ ನಮ್ಮವರೂ ಕಡಲು ದಾಟಿದರು. ನಾಗತಿಹಳ್ಳಿ ಚಂದ್ರಶೇಖರ್ ಅವರು ‘ಅಮೆರಿಕಾ ಅಮೆರಿಕಾ’ ತೆಗೆದಾಗ ಹೊರನಾಡು ಹಾಡಿನ ಹಿನ್ನೆಲೆಯಾಗಿ ಉಳಿಯದೆ ಕಥೆಯ ಪ್ರಶ್ನೆಯೇ ಆಯಿತು: ಹೋದವರು ಏನನ್ನು ಪಡೆದರು, ಏನನ್ನು ಬಿಟ್ಟರು? ಅದಕ್ಕೆ ಶ್ರೇಷ್ಠ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ದೊರೆಯಿತು. ಅವರೇ ೨೦೦೩ರಲ್ಲಿ ‘ಪ್ಯಾರಿಸ್ ಪ್ರಣಯ’ವನ್ನು ಕೊಟ್ಟರು, ಆ ನಗರವನ್ನೂ ಪ್ರೇಮವನ್ನೂ ಶೀರ್ಷಿಕೆಯಲ್ಲಿಯೇ ಗಂಟುಹಾಕಿದರು. ಆದರೆ ಕನ್ನಡಿಗರ ಪ್ರಣಯದ ಪರದೆಯನ್ನು ನಿಜವಾಗಿ ಬದಲಿಸಿದ್ದು ೨೦೦೬ರ ಕೊನೆಯಲ್ಲಿ ಬಂದ ಯೋಗರಾಜ ಭಟ್ಟರ ‘ಮುಂಗಾರು ಮಳೆ’. ಹಿಮವಿಲ್ಲ, ಗೋಪುರವಿಲ್ಲ, ಮಲೆನಾಡಿನ ಮಳೆ, ಕೊಡಗಿನ ತೋಟ, ಜೋಗದ ನೀರು. ಚಿತ್ರ ವರ್ಷಕ್ಕೂ ಮೀರಿ ಓಡಿತು. ಪ್ರೇಮಕ್ಕೆ ಪಾಸ್‌ಪೋರ್ಟು ಬೇಕಿಲ್ಲವೆಂದು ನಮ್ಮ ತರುಣರಿಗೆ ಮನದಟ್ಟಾದದ್ದು ಆಗಲೇ. ಅಲ್ಲಿಯೂ ಒಂದು ಪರದೆ ಇತ್ತೆನ್ನಿ. ಆ ಮಳೆಯಲ್ಲಿ ಯಾರ ಮನೆಯೂ ಸೋರಲಿಲ್ಲ.

ಪರದೆಯ ಭಾರ

ಪರದೆಯನ್ನು ನಂಬಿದವರಿಂದ ಆ ಊರುಗಳಿಗೂ ಪೀಡೆ ತಪ್ಪಿಲ್ಲ. ಪ್ರೇಮಿಗಳು ಸೇತುವೆಯ ಕಂಬಿಗೆ ಬೀಗ ಹಾಕಿ ಕೀಲಿಯನ್ನು ನದಿಗೆಸೆಯುವ ಗೀಳು ಈ ಶತಮಾನದ ಆರಂಭದಲ್ಲಿ ಇಟಲಿಯ ಒಂದು ಕಾದಂಬರಿ ಮತ್ತು ಅದರ ಚಲಚ್ಚಿತ್ರದಿಂದ ಹಬ್ಬಿತು. ಪ್ಯಾರಿಸ್ಸಿನ ಪೋಂ ದೆಜಾರ್ ಎಂಬ ಕಾಲುಸೇತುವೆಯ ಕಟಕಟೆಯ ಒಂದು ಭಾಗ ೨೦೧೪ರಲ್ಲಿ ಈ ಬೀಗಗಳ ಭಾರಕ್ಕೆ ಕುಸಿದೇಬಿಟ್ಟಿತು. ಮರುವರ್ಷ ನಗರಸಭೆಯವರು ಕಿತ್ತುಹಾಕಿದ ಬೀಗಗಳ ತೂಕ ಸುಮಾರು ೪೫ ಟನ್ನುಗಳು! ವೆನಿಸ್ಸಿನ ಹಳೆಯ ನಗರದಲ್ಲಿ ೧೯೫೧ರಲ್ಲಿ ಒಂದು ಲಕ್ಷ ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನ ವಾಸವಾಗಿದ್ದರು. ೨೦೨೨ರಲ್ಲಿ ಅದು ಐವತ್ತು ಸಾವಿರಕ್ಕೂ ಕೆಳಗಿಳಿಯಿತು. ಬಾಡಿಗೆಯ ಮನೆಗಳೆಲ್ಲ ಪ್ರವಾಸಿಗಳ ವಸತಿಗಳಾದುವು. ೨೦೨೪ರಲ್ಲಿ ಆ ನಗರ, ಜನಜಂಗುಳಿಯ ದಿನಗಳಲ್ಲಿ ಬಂದುಹೋಗುವವರಿಗೆ ೫ ಯೂರೋ ಪ್ರವೇಶಶುಲ್ಕ ವಿಧಿಸಲಾರಂಭಿಸಿತು. ಅತ್ತೆ ಕಂಡ ದೋಣಿಯ ಊರು ಈಗ ಟಿಕೆಟಿನ ಊರು. ಒಂದು ಒಳಿತೂ ಉಂಟು: ರೋಮಿನ ಟ್ರೆವಿ ಕಾರಂಜಿಗೆ ಪ್ರವಾಸಿಗಳು ಎಸೆಯುವ ನಾಣ್ಯಗಳನ್ನು ಆರಿಸಿ ಬಡವರ ಸೇವೆಗೆ ಬಳಸುತ್ತಾರೆ. ಅದು ವರ್ಷಕ್ಕೆ ಹತ್ತು ಲಕ್ಷ ಯೂರೋಗೂ ಮಿಕ್ಕಿ ಕೂಡುತ್ತದೆ.

ಪರದೆ ಬರೆಯುವವರು ನಾವು ಮಾತ್ರವೇ ಅಲ್ಲ. ೧೯೫೯ರಲ್ಲಿ ಜರ್ಮನ್ ನಿರ್ದೇಶಕ ಫ್ರಿಟ್ಸ್ ಲಾಂಗ್ ‘ಎಷ್ನಾಪುರದ ಹುಲಿ’ ಎಂಬ ಪ್ರಣಯಚಿತ್ರ ತೆಗೆದನು. ಉದಯಪುರದಲ್ಲಿ ಚಿತ್ರೀಕರಣ, ಮಹಾರಾಜನಾಗಿ ಒಬ್ಬ ಆಸ್ಟ್ರಿಯನ್ ನಟ, ಗುಡಿಯ ನರ್ತಕಿಯಾಗಿ ಒಬ್ಬ ಅಮೆರಿಕನ್ ನಟಿ, ಹುಲಿ, ಹಾವು, ಸುರಂಗ. ಅಂದಿನ ಜರ್ಮನರಿಗೆ ಭಾರತವೆಂದರೆ ಅದು. ಈ ಸಂಗತಿಯನ್ನು ನಾನು ಅರಿತದ್ದು ಪುಸ್ತಕದಿಂದಲ್ಲ, ನಮ್ಮ ಮದುಮಗಳ ಬಾಯಿಂದ.

ಕತ್ತಲೆಯ ನಾಲ್ಕು ಗಂಟೆ

ಅವಳು ಶ್ರಾವಣದಲ್ಲಿ ಜರ್ಮನಿಗೆ ಹೋದಳು. ಮೊದಲ ತಿಂಗಳು ಫೋನಿನ ತುಂಬ ಚಿತ್ರಗಳು: ಕಿಟಕಿಯ ಹೂಕುಂಡ, ಕಲ್ಲುಹಾಸಿನ ಬೀದಿ, ಕೆಂಪು ಹೆಂಚಿನ ಮನೆ. ಕಾರ್ತಿಕ ಕಳೆಯಿತು, ಚಿತ್ರಗಳು ಕಡಿಮೆಯಾದುವು. ಮಾರ್ಗಶಿರದಲ್ಲಿ ಅವಳು ಫೋನು ಎತ್ತುವುದನ್ನೇ ನಿಲ್ಲಿಸಿದಳು. ಒಂದು ರಾತ್ರಿ ಹರಿಹರದ ಮನೆಗೆ ಕರೆ ಮಾಡಿ, ‘ನಾನು ಬಂದುಬಿಡ್ತೀನಿ’ ಎಂದು ಅತ್ತಳು.

ನಡೆದದ್ದು ಇಷ್ಟೇ. ಅಲ್ಲಿ ಡಿಸೆಂಬರಿನಲ್ಲಿ ಸಂಜೆ ನಾಲ್ಕೂಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ. ಗಂಡ ಕತ್ತಲೆಯಲ್ಲಿ ಹೊರಟು ಕತ್ತಲೆಯಲ್ಲಿ ಮರಳುತ್ತಾನೆ. ಭಾನುವಾರ ಕಾನೂನಿನಂತೆ ಅಂಗಡಿಗಳೆಲ್ಲ ಮುಚ್ಚಿರುತ್ತವೆ. ಕಾಗದಕ್ಕೊಂದು, ಪ್ಲಾಸ್ಟಿಕ್ಕಿಗೊಂದು, ತರಕಾರಿ ಸಿಪ್ಪೆಗೊಂದು ಎಂದು ಕಸದ ಡಬ್ಬಿಗಳು ಬೇರೆ ಬೇರೆ. ತಪ್ಪಿದರೆ ನೆರೆಯವರ ಚೀಟಿ ಬಾಗಿಲಲ್ಲಿ. ಭಾಷೆ ಬಾರದು. ಇಷ್ಟನ್ನೂ ಅವಳು ತಾಳಿಕೊಳ್ಳುತ್ತಿದ್ದಳೇನೋ. ತಾಳಲಾರದ್ದು ಒಂದು ಪ್ರಶ್ನೆ. ಊರಿನಿಂದ ಯಾರು ಫೋನು ಮಾಡಿದರೂ, ಗೆಳತಿಯರಾಗಲಿ ಚಿಕ್ಕಮ್ಮಂದಿರಾಗಲಿ, ಮೊದಲು ಕೇಳುತ್ತಿದ್ದುದು ‘ಪ್ಯಾರಿಸ್ಸಿಗೆ ಹೋಗಿ ಬಂದ್ರಾ?’ ಎಂದು. ಹೋಗಿರಲಿಲ್ಲ. ಮದುವೆಯ ಸಾಲ, ಮನೆಯ ಬಾಡಿಗೆ, ಹೊಸ ಸಂಸಾರದ ಪಾತ್ರೆಪಡಗ. ಆ ಪರದೆಯ ಮುಂದೆ ನಿಂತು ನಕ್ಕ ಚಿತ್ರ ಎಲ್ಲರ ಫೋನಿನಲ್ಲೂ ಇತ್ತು. ತನ್ನ ದಾಂಪತ್ಯವೇ ಎಲ್ಲೋ ತಪ್ಪಿದೆಯೆಂದು ಹುಡುಗಿಗೆ ಅನ್ನಿಸತೊಡಗಿತು. ಗಂಡನಿಗೆ ಹೇಳಲು ಸಂಕೋಚ.

ಹರಿಹರದ ಮನೆಯಲ್ಲಿ ಪಂಚಾಯಿತ ಸೇರಿತು. ತಂದೆಗೆ ಮಾನದ ಚಿಂತೆ, ತಾಯಿಗೆ ಮಗಳ ಚಿಂತೆ. ‘ಮದುವೆಯಾಗಿ ಎಂಟು ತಿಂಗಳೂ ಆಗಿಲ್ಲ, ಜನ ಏನಂದಾರು?’ ಎಂದು ಒಬ್ಬರು. ‘ಮೊದಲು ವಿಮಾನ ಹತ್ತಲಿ, ಆಮೇಲೆ ಮಾತು’ ಎಂದು ಇನ್ನೊಬ್ಬರು. ಅತ್ತೆ ಫೋನು ಕೇಳಿ ಈಸಿಕೊಂಡರು. ನಾನು ಅಲ್ಲಿಯೇ ಇದ್ದೆ.

‘ಕೂಸೇ, ಬರಬೇಕು ಅನ್ನಿಸಿದ್ರೆ ಬಾ. ಬಾಗ್ಲು ತೆಗೆದೇ ಇರ್ತೈತಿ, ಯಾರೇನಂದ್ರೂ ನಾನಿದೀನಿ. ಆದ್ರೆ ಒಂದು ಕೇಳ್ತೀನಿ. ನೀನು ಆ ಸಿನಿಮಾದ ಊರು ಹುಡುಕ್ತಿದೀಯಲ್ಲ, ನಿನ್ನ ಗಂಡ ಏನು ಹುಡುಕ್ತಿದಾನೆ, ಕೇಳಿದೀಯಾ? ಅವನೂ ಅಲ್ಲೇ ಎಲ್ಲೋ ಕಳ್ದು ಹೋಗಿರ್ತಾನೆ ಮಗಳೇ.’

ಆ ರಾತ್ರಿ ಅವಳು ಕೇಳಿದಳಂತೆ. ಆಗ ತಿಳಿದುಬಂದದ್ದು: ಹೆಂಡತಿಗೆ ಆ ಗೋಪುರವನ್ನು ತೋರಿಸಲಾಗಲಿಲ್ಲವೆಂಬ ನಾಚಿಕೆಯಿಂದ ಅವನೇ ಮನೆಗೆ ತಡವಾಗಿ ಬರುತ್ತಿದ್ದನು, ಹೆಚ್ಚಿನ ಕೆಲಸ ಹಿಡಿದು ದುಡ್ಡು ಕೂಡಿಸುತ್ತಿದ್ದನು. ಅವನ ಗೆಳೆಯರೂ ಅದೇ ಪ್ರಶ್ನೆ ಕೇಳುತ್ತಿದ್ದರು. ಒಂದೇ ಮನೆಯಲ್ಲಿ ಇಬ್ಬರು, ನಡುವೆ ಒಂದು ಕಬ್ಬಿಣದ ಗೋಪುರ. ಅತ್ತೆಯ ಕಾಲದ ಟಾಕೀಸಿನ ಮರದ ಅಡ್ಡಗೋಡೆಯಾದರೂ ಮೆಣಸಿನಕಾಯಿ ದಾಟುವಷ್ಟು ಗಿಡ್ಡದಾಗಿತ್ತು.

ಹುಡುಗಿ ಕೂಡಲೇ ಬರಲಿಲ್ಲ. ಎಲ್ಲವೂ ಕೂಡಲೇ ಸರಿಯಾಯಿತೆಂದೂ ಅಲ್ಲ. ಅವಳು ಭಾಷೆಯ ತರಗತಿಗೆ ಸೇರಿದಳು. ಭಾನುವಾರಗಳಲ್ಲಿ ಅಂಗಡಿಯಿಲ್ಲದ ಊರಿನಲ್ಲಿ ಇಬ್ಬರೂ ಸುಮ್ಮನೆ ನಡೆಯುವುದನ್ನು ಕಲಿತರು. ಮೇಲ್ಮಹಡಿಯ ಒಂಟಿ ವೃದ್ಧೆಯೊಬ್ಬರು ಒಂದು ದಿನ ಮನೆಯಲ್ಲಿ ಮಾಡಿದ ಕೇಕು ಹಿಡಿದು ಬಾಗಿಲು ತಟ್ಟಿದರು. ಅವರು ಮೊದಲು ಕೇಳಿದ್ದು, ‘ನಿಮ್ಮ ಊರಿನಲ್ಲಿ ಹುಲಿಗಳು ಬೀದಿಗೆ ಬರುತ್ತವೆಯೇ?’ ಎಂದು. ಹದಿನಾಲ್ಕನೆಯ ವಯಸ್ಸಿನಲ್ಲಿ ‘ಎಷ್ನಾಪುರದ ಹುಲಿ’ ನೋಡಿದ್ದರಂತೆ. ಭಾರತವೆಂದರೆ ಮಹಾರಾಜರ ಪ್ರೇಮದ ನಾಡೆಂದು ಅಂದಿನಿಂದ ನಂಬಿದ್ದರಂತೆ. ನಮ್ಮ ಹುಡುಗಿ ಅವರಿಗೆ ದಾವಣಗೆರೆಯ ಹತ್ತಿಗಿರಣಿಗಳ ಹಳೆಯ ಕಥೆಯನ್ನೂ, ಬೆಣ್ಣೆದೋಸೆಯನ್ನೂ, ಅರ್ಧ ಹರಿ ಅರ್ಧ ಹರನಾಗಿ ನಿಂತ, ೧೨೨೪ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವನು ಗುಡಿ ಕಟ್ಟಿಸಿದ ಹರಿಹರೇಶ್ವರನನ್ನೂ ಬಂದಷ್ಟು ಜರ್ಮನ್ನಿನಲ್ಲಿ ವರ್ಣಿಸಿದಳು. ‘ನಮ್ಮಜ್ಜಿ ನಿಮ್ಮ ಕಡೆಯ ಗೋಪುರ ನೋಡಿ ಯಾವ ಗುಡೀದು ಅಂದಿದ್ರು’ ಎಂದಾಗ ಇಬ್ಬರೂ ಬಿದ್ದುಬಿದ್ದು ನಕ್ಕರಂತೆ. ಆ ಕಟ್ಟಡದಲ್ಲಿ ಅವಳು ಅಷ್ಟು ಗಟ್ಟಿಯಾಗಿ ನಕ್ಕದ್ದು ಅದೇ ಮೊದಲು.

ಚಲಚ್ಚಿತ್ರಗಳನ್ನು ದೂರುವುದು ಈ ಲೇಖಕನ ಉದ್ದೇಶವಲ್ಲ. ಮರದ ಅಡ್ಡಗೋಡೆಯ ಕಾಲದಲ್ಲಿ ಗಂಡಹೆಂಡಿರು ಹೀಗೂ ಒಟ್ಟಿಗೆ ಕುಳಿತಿರಬಹುದೆಂದು ಅತ್ತೆಯಂಥವರಿಗೆ ತೋರಿಸಿದ್ದು ಆ ಪರದೆಯೇ. ಕೆಡಕು ಪರದೆಯಲ್ಲಿಲ್ಲ, ಅದನ್ನು ಕಿಟಕಿಯೆಂದು ತಿಳಿಯುವುದರಲ್ಲಿದೆ. ಹೊರದೇಶಕ್ಕೆ ಹೊರಟ ಮಗಳಿಗೆ ಉಪ್ಪಿನಕಾಯಿ, ಚಟ್ನಿಪುಡಿ ಕಟ್ಟಿಕೊಡುವ ನಾವು ನಾಲ್ಕು ಗಂಟೆಯ ಕತ್ತಲೆಯ ಸುದ್ದಿಯನ್ನೂ ಹೇಳಿ ಕಳುಹಿಸಬೇಡವೇ? ಫೋನು ಮಾಡಿದಾಗ ಗೋಪುರವನ್ನು ಕೇಳುವ ಬದಲು ‘ಊಟಕ್ಕೇನು ಮಾಡಿದ್ದೆ, ಯಾರ ಜೊತೆ ಮಾತಾಡಿದೆ?’ ಎಂದು ಕೇಳಬಾರದೇ? ಮತ್ತೊಂದು ಮಾತು: ಇಬ್ಬರು ಮನಬಿಚ್ಚಿ ಮಾತನಾಡಲು ಏಳು ಸಾವಿರ ಕಿಲೋಮೀಟರು ದೂರ ಹೋಗಬೇಕೆಂಬ ಸ್ಥಿತಿಯನ್ನು ನಮ್ಮ ಮನೆಗಳಲ್ಲಿ ನಾವೇ ನಿರ್ಮಿಸಿದ್ದರೆ, ಅದಕ್ಕೆ ಪ್ಯಾರಿಸ್ಸೇನು ಮಾಡೀತು?

ಮೊನ್ನೆ ಯುಗಾದಿಗೆ ಹರಿಹರಕ್ಕೆ ಹೋಗಿದ್ದೆ. ಅತ್ತೆಯ ಕೋಣೆಯ ಗೋಡೆಯಲ್ಲಿ, ಯಜಮಾನರ ಭಾವಚಿತ್ರದ ಪಕ್ಕಕ್ಕೆ, ಹೊಸದೊಂದು ಚಿತ್ರ ತೂಗುಹಾಕಿದ್ದರು. ಮೊಮ್ಮಗಳೂ ಗಂಡನೂ ಕೊನೆಗೂ ಪ್ಯಾರಿಸ್ಸಿಗೆ ಹೋಗಿಬಂದಿದ್ದರು, ರಾತ್ರಿಯ ಬಸ್ಸಿನಲ್ಲಿ. ಅಂದು ದಿನವಿಡೀ ಮಳೆಯಂತೆ. ದಾರಿಹೋಕರೊಬ್ಬರು ತೆಗೆದ ಚಿತ್ರದಲ್ಲಿ ಒಂದೇ ಛತ್ರಿಯ ಕೆಳಗೆ ಇಬ್ಬರೂ ನಿಂತಿದ್ದಾರೆ. ಹಿಂದೆಲ್ಲ ಬರಿಯ ಬೂದು ಮುಗಿಲು.

‘ಗೋಪುರವೇ ಕಾಣಿಸ್ತಿಲ್ಲವಲ್ಲ ಅತ್ತೆ?’ ಎಂದೆ.

‘ಹಿಂದ್ಗಡೆ ಮೋಡದಾಗೆ ಐತಂತೆ. ಇರ್ಲಿ ಬಿಡು’ ಎಂದು ಅತ್ತೆ ಚಿತ್ರದ ಹತ್ತಿರ ಬೆರಳು ತಂದರು. ‘ಛತ್ರಿ ಯಾವ ಕಡೆ ವಾಲೈತಿ, ನೋಡು. ಹುಡುಗನ ಭುಜ ಪೂರ್ತಿ ತೊಯ್ದೈತಿ.’